ಡೈನಿಂಗ್ ಟೇಬಲ್ಲಿನ ಇಂಗ್ಲಿಷು

ಎರಡನೇ ಕ್ಲಾಸಿನ ಮೊದಲ ಪಿಟಿಎಂ. ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಮಡಚಿಕೊಂಡು ಕೂತಿದ್ದ ನನಗೂ ನನ್ನ ಹೆಂಡತಿಗೂ ಟೀಚರ್ ಮಗಳ ನೋಟ್‌ಬುಕ್ ತೋರಿಸಿದರು. ಗಣಿತ ಚೆನ್ನಾಗಿದೆ, ಡ್ರಾಯಿಂಗ್ ಚೆನ್ನಾಗಿದೆ, ಇಂಗ್ಲಿಷ್ ಮಾತ್ರ ಸ್ವಲ್ಪ... ‘ಮನೇಲಿ ಕನ್ನಡ ಮಾತಾಡ್ತೀರಾ ಸರ್?’ ಅಂತ ಕೇಳಿದರು. ಹೌದು ಅಂದೆ, ಏನೋ ತಪ್ಪೊಪ್ಪಿಕೊಂಡವನ ಹಾಗೆ. ‘ಹಾಗಾದ್ರೆ ಸ್ವಲ್ಪ ದಿನ ಮನೇಲೂ ಇಂಗ್ಲಿಷಲ್ಲೇ ಮಾತಾಡಿ. ತಾನಾಗೇ ಇಂಪ್ರೂವ್ ಆಗ್ತಾಳೆ.’

ಈ ಬರಹ ಆ ಒಂದು ಸಲಹೆಯ ವಿಮರ್ಶೆ. ಪುಸ್ತಕ ಬಂದರೆ ವಿಮರ್ಶೆ ಮಾಡ್ತೀವಿ, ಸಿನಿಮಾ ಬಂದರೆ ಮಾಡ್ತೀವಿ. ಬೆಂಗಳೂರಿನ ಕನ್ನಡದ ಮನೆಗಳಲ್ಲಿ ದಿನನಿತ್ಯದ ಮಾತುಕತೆಯನ್ನೇ ಬದಲಾಯಿಸಿಬಿಡೋ ಈ ಸಲಹೆಯನ್ನ ಮಾತ್ರ ತಲೆ ಅಲ್ಲಾಡಿಸಿ ಮನೆಗೆ ತಗೊಂಡು ಬರ್ತೀವಿ. ಟೀಚರ್ ಬಗ್ಗೆ ನನಗೆ ತಕರಾರಿಲ್ಲ. ಒಬ್ಬೊಬ್ಬ ಪೋಷಕರಿಗೆ ಐದು ನಿಮಿಷ ಸಿಗೋ ಕಡೆ ಯಾರಾದರೂ ಅಷ್ಟೇ ಹೇಳೋಕಾಗೋದು. ತಕರಾರಿರೋದು ಸಲಹೆಯ ಬಗ್ಗೆ, ಮತ್ತು ಅದನ್ನ ಮರುಮಾತಿಲ್ಲದೆ ಒಪ್ಪಿಕೊಂಡ ನನ್ನ ಬಗ್ಗೆ.

ಯಾಕೆ ಒಪ್ಪಿಕೊಂಡೆ ಅನ್ನೋದನ್ನೂ ಹೇಳಿಬಿಡ್ತೀನಿ. ನಾನು ಓದಿದ್ದು ಅರಸೀಕೆರೆ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ. ಎಬಿಸಿಡಿ ಶುರುವಾಗಿದ್ದು ಐದನೇ ಕ್ಲಾಸಲ್ಲಿ. ಇಂಜಿನಿಯರಿಂಗ್ ಮೊದಲ ವರ್ಷದ ಲ್ಯಾಬ್ ವೈವಾದಲ್ಲಿ ಉತ್ತರ ಗೊತ್ತಿದ್ದೂ ವಾಕ್ಯ ಕಟ್ಟೋಕೆ ಬರದೆ ಸುಮ್ಮನೆ ನಿಂತಿದ್ದೆ. ‘ನೆಕ್ಸ್ಟ್’ ಅಂತ ಎಕ್ಸಾಮಿನರ್ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ನನ್ನಂಥವರು ಈ ಊರಿನ ಟೆಕ್ ಪಾರ್ಕುಗಳ ತುಂಬ ಇದ್ದೀವಿ. ಮಗುವಿನ ಇಂಗ್ಲಿಷ್ ಸ್ವಲ್ಪ ವೀಕು ಅಂತ ಯಾರಾದರೂ ಅಂದ ಕೂಡಲೇ ನಮ್ಮ ಕಣ್ಣಿಗೆ ಕಾಣೋದು ಎದುರಿಗಿರೋ ಮಗು ಅಲ್ಲ, ಆ ಲ್ಯಾಬಲ್ಲಿ ಬೆವರ್ತಾ ನಿಂತಿದ್ದ ಹುಡುಗ. ಅವನನ್ನ ಕಾಪಾಡೋಕೆ ಹೊರಟು ಈ ಮಗುವಿನ ಬಾಯಿ ಕಟ್ಟಿಬಿಡ್ತೀವಿ.

ಸೋಮವಾರದಿಂದ ಮನೆಯಲ್ಲಿ ಇಂಗ್ಲಿಷು ಅಂತ ಕಾನೂನಾಯ್ತು. ಅಜ್ಜಿಗೆ, ಅಂದರೆ ನನ್ನ ಅಮ್ಮನಿಗೆ, ಮಾತ್ರ ವಿನಾಯಿತಿ. ಮೂರು ವಾರ ಕಳೆದ ಮೇಲೆ ಒಂದು ಶನಿವಾರ ಸುಮ್ಮನೆ ಕುತೂಹಲಕ್ಕೆ, ನಾವಿಬ್ಬರೂ ಮಗಳ ಜೊತೆ ಆಡೋ ಇಂಗ್ಲಿಷ್ ಪದಗಳನ್ನ ಫೋನಿನಲ್ಲಿ ಬರೆದುಕೊಳ್ತಾ ಹೋದೆ. ಕಮ್, ಗೋ, ಸಿಟ್, ಈಟ್, ಫಿನಿಶ್, ಫಾಸ್ಟ್, ಬ್ರಷ್, ಬಾತ್, ಶೂಸ್, ಬ್ಯಾಗ್, ಹೋಂವರ್ಕ್, ಡೋಂಟ್, ಸ್ಟಾಪ್, ವೆರಿ ಗುಡ್, ಸ್ಲೀಪ್. ಬೆಳಿಗ್ಗೆಯಿಂದ ರಾತ್ರಿವರೆಗೆ ಲೆಕ್ಕ ಹಾಕಿದರೆ ಐವತ್ತರ ಆಸುಪಾಸು. ಅದರಲ್ಲಿ ಮುಕ್ಕಾಲು ಪಾಲು ಆಜ್ಞೆ. ಬಿಕಾಸ್ ಅನ್ನೋ ಪದ ಒಂದೇ ಸಲ ಬಂದಿತ್ತು, ಅದೂ ಬೈಯುವಾಗ.

ಕಾನೂನಿಗೆ ಮುಂಚೆ ರಾತ್ರಿ ಊಟದ ಹೊತ್ತಲ್ಲಿ ಅವಳ ಬಾಯಿ ಮುಚ್ಚಿಸೋದೇ ಕಷ್ಟ ಇತ್ತು. ಹಲ್ಲಿಯ ಬಾಲ ಕಿತ್ತು ಬಿದ್ದ ಮೇಲೂ ಯಾಕೆ ಒದ್ದಾಡುತ್ತೆ, ಸ್ಕೂಲ್ ವ್ಯಾನಿನ ಅಂಕಲ್ ಯಾರ ಮೇಲೆ ರೇಗಿದರು, ಪಕ್ಕದ ಹುಡುಗ ಇವಳ ರಬ್ಬರನ್ನ ತನ್ನದೇ ಅಂತ ಹೇಗೆ ವಾದ ಮಾಡಿದ. ‘ಆಮೇಲೆ ಏನಾಯ್ತು ಗೊತ್ತಾ ಅಪ್ಪ’ ಅನ್ನೋದು ಪ್ರತಿ ನಾಲ್ಕು ವಾಕ್ಯಕ್ಕೊಮ್ಮೆ ಬರ್ತಿತ್ತು. ಕಾನೂನಾದ ಮೇಲೆ: ‘ಹೌ ವಾಸ್ ಸ್ಕೂಲ್?’ ‘ಗುಡ್.’ ‘ವಾಟ್ ಡಿಡ್ ಯು ಡೂ?’ ‘ನಥಿಂಗ್.’ ನಾನು ಇದನ್ನ ಶಿಸ್ತು ಅಂದುಕೊಂಡೆ. ಆ ಶನಿವಾರ ರಾತ್ರಿ ನೀರು ಕುಡಿಯೋಕೆ ಎದ್ದಾಗ ಅಮ್ಮನ ಕೋಣೆಯಿಂದ ಪಿಸುಮಾತು ಕೇಳಿಸ್ತು. ಮಗಳು ಅಜ್ಜಿಯ ರಗ್ಗಿನೊಳಗೆ ಕೂತು ವಾರದ ಸುದ್ದಿಯನ್ನೆಲ್ಲ ಒಂದೇ ಉಸಿರಿಗೆ ಕನ್ನಡದಲ್ಲಿ ಹೇಳ್ತಿದ್ದಳು. ಬಾಗಿಲಲ್ಲಿ ನನ್ನ ಕಂಡ ಕೂಡಲೇ ನಿಲ್ಲಿಸಿಬಿಟ್ಟಳು. ನನ್ನ ಮನೆಯಲ್ಲಿ ನನ್ನ ಮಗಳು ನನ್ನ ಭಾಷೆಯನ್ನ ನನಗೆ ಗೊತ್ತಾಗದ ಹಾಗೆ ಆಡ್ತಿದ್ದಳು.

ಈಗ ಆ ಸಲಹೆಯನ್ನ ಒಂದೊಂದೇ ಎಳೆ ಬಿಡಿಸಿ ನೋಡೋಣ.

‘ಇಂಗ್ಲಿಷಲ್ಲೇ ಮಾತಾಡಿ’ ಅಂದಾಗ ಯಾವ ಇಂಗ್ಲಿಷು? ನನ್ನ ಹತ್ತಿರ ಇರೋದು ಆಫೀಸಿನ ಇಂಗ್ಲಿಷು. ಸ್ಟ್ಯಾಂಡಪ್ ಮೀಟಿಂಗಿಗೆ, ಮೇಲಿಗೆ, ಅಪ್ರೈಸಲ್ಲಿಗೆ ಅದು ಸಾಕು. ಡೆಡ್‌ಲೈನ್ ಮುಂದೂಡಿ ಅಂತ ನಾಲ್ಕು ಬಗೆಯಲ್ಲಿ ವಿನಯವಾಗಿ ಕೇಳಬಲ್ಲೆ. ಆದರೆ ಮಗು ಬಿದ್ದು ಮಂಡಿ ಕೆತ್ತಿಕೊಂಡಾಗ ಏನನ್ನಬೇಕು? ಮುನಿಸಿಕೊಂಡು ಮೂಲೆಯಲ್ಲಿ ಕೂತವಳನ್ನ ಹೇಗೆ ಕರೆಯಬೇಕು? ಎಂಜಲು, ಒಗ್ಗರಣೆ, ಹಠ, ಪೋಕರಿತನ, ‘ಅಯ್ಯೋ ಪಾಪ’, ‘ಬಾರೇ ಚಿನ್ನ’ ಇವುಗಳಿಗೆ ನನ್ನ ಇಂಗ್ಲಿಷಿನಲ್ಲಿ ಜಾಗವೇ ಇಲ್ಲ. ನಾನು ಆ ಭಾಷೆಯಲ್ಲಿ ಯಾವತ್ತೂ ಮಗುವಾಗಿರಲಿಲ್ಲವಲ್ಲ. ಹಾಗಾಗಿ ಇಂಗ್ಲಿಷಿಗೆ ಹೊರಳಿದ ತಕ್ಷಣ ಮಗುವಿನ ಜೊತೆಗೂ ನಾನು ಟೀಮ್ ಲೀಡ್ ಆಗಿಬಿಡ್ತೀನಿ. ಏನು ಬಾಕಿ ಇದೆ, ಯಾವಾಗ ಮುಗಿಸ್ತೀಯ. ಇದನ್ನ ಕೇಳಿಸಿಕೊಂಡು ಮಗು ಕಲಿಯೋದು ಇಂಗ್ಲಿಷಿನ ಅತ್ಯಂತ ಬಡ ರೂಪ.

ಎರಡನೆಯದು, ‘ತಾನಾಗೇ’ ಅನ್ನೋ ಪದ. ಮಾತು ಬಂದರೆ ಓದು ತಾನಾಗೇ ಬರುತ್ತೆ ಅನ್ನೋ ನಂಬಿಕೆ ಅದರಲ್ಲಿದೆ. ಕೆನಡಾದ ಜಿಮ್ ಕಮಿನ್ಸ್ ಅನ್ನೋ ವಿದ್ವಾಂಸರು 1979ರ ಆಸುಪಾಸಿನಿಂದ ಇದೇ ಪ್ರಶ್ನೆಯ ಮೇಲೆ ಕೆಲಸ ಮಾಡಿದವರು. ಆಟದ ಮೈದಾನದಲ್ಲಿ ಆಡೋ ಇಂಗ್ಲಿಷ್ ಬೇರೆ, ಪಾಠ ಅರ್ಥ ಮಾಡಿಕೊಳ್ಳೋಕೆ ಬೇಕಾದ ಇಂಗ್ಲಿಷ್ ಬೇರೆ ಅಂತ ಅವರು ಬಿಡಿಸಿ ತೋರಿಸಿದರು. ವಲಸೆ ಬಂದ ಮಕ್ಕಳು ಮೊದಲನೆಯದನ್ನ ಒಂದೆರಡು ವರ್ಷದಲ್ಲಿ ಹಿಡಿದುಬಿಡ್ತಾರೆ. ಎರಡನೆಯದರಲ್ಲಿ ಅಲ್ಲಿನ ಮಕ್ಕಳ ಸಮಕ್ಕೆ ಬರೋಕೆ ಐದರಿಂದ ಏಳು ವರ್ಷ ಬೇಕಾಗಬಹುದು. ಅವರ ಇನ್ನೊಂದು ಮಾತು ನಮಗೆ ಇನ್ನೂ ಮುಖ್ಯ. ಮಗುವಿನ ತಲೆಯಲ್ಲಿ ಎರಡು ಭಾಷೆಗೆ ಎರಡು ಬೇರೆಬೇರೆ ಡಬ್ಬಿ ಇರಲ್ಲ, ತಳದಲ್ಲಿ ಎರಡೂ ಕೂಡಿಕೊಂಡಿರುತ್ತೆ. ಬಟ್ಟೆ ಒಣಗಿದಾಗ ನೀರು ಎಲ್ಲಿಗೆ ಹೋಗುತ್ತೆ ಅಂತ ಅಜ್ಜಿಯ ಹತ್ತಿರ ಕನ್ನಡದಲ್ಲಿ ಜಗಳ ಆಡಿ ಅರ್ಥ ಮಾಡಿಕೊಂಡ ಮಗುವಿಗೆ ‘ಇವ್ಯಾಪರೇಷನ್’ ಬರೀ ಒಂದು ಹೊಸ ಪದ. ಆ ಜಗಳವೇ ಆಡದ ಮಗುವಿಗೆ ಅದು ಸ್ಪೆಲ್ಲಿಂಗು.

ಓದಿನ ಬಗ್ಗೆ ಇನ್ನೂ ಸರಳವಾದ ಒಂದು ಸೂತ್ರ ಇದೆ. 1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಅನ್ನೋರು ಮುಂದಿಟ್ಟಿದ್ದು. ಓದಿ ಅರ್ಥ ಮಾಡಿಕೊಳ್ಳೋದು ಅಂದರೆ ಅಕ್ಷರ ಬಿಡಿಸಿ ಓದೋ ಸಾಮರ್ಥ್ಯ ಗುಣಿಸು ಮಾತನ್ನ ಅರ್ಥ ಮಾಡಿಕೊಳ್ಳೋ ಸಾಮರ್ಥ್ಯ. ಕೂಡಿಸೋದಲ್ಲ, ಗುಣಿಸೋದು. ಎರಡರಲ್ಲಿ ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ. ಇದನ್ನ ಓದಿದ ದಿನವೇ ನಾನು ಮಗಳ ಇಂಗ್ಲಿಷ್ ಪಠ್ಯದ ಒಂದು ಪುಟ ಓದಿಸಿದೆ. ಒಂದು ಕಡೆಯೂ ತಡವರಿಸದೆ ಓದಿದಳು. ‘ಇದ್ರಲ್ಲಿ ಏನಾಯ್ತು ಹೇಳು, ಕನ್ನಡದಲ್ಲೇ ಹೇಳು’ ಅಂದೆ. ಪುಟದ ಚಿತ್ರ ನೋಡಿ ‘ಒಂದು ನಾಯಿ ಇದೆ’ ಅಂದಳು. ಅಷ್ಟೇ. ನಾಲ್ಕು ತಿಂಗಳಿಂದ ಅವಳ ಓದು ಕೇಳಿ ನಾನು ಖುಷಿಪಡ್ತಿದ್ದೆ.

ಇಲ್ಲಿ ನನ್ನ ವಾದಕ್ಕೆ ಎದುರಾಗಿ ಒಂದು ಮಾತು ಬರುತ್ತೆ, ಅದನ್ನ ಮುಚ್ಚಿಡೋದು ಸರಿಯಲ್ಲ. ಕಮಿನ್ಸ್ ನೋಡಿದ್ದು ಕೆನಡಾದಂಥ ಕಡೆಯ ಮಕ್ಕಳನ್ನ. ಆ ಮಕ್ಕಳಿಗೆ ಮನೆಯಿಂದ ಹೊರಗೆ ಕಾಲಿಟ್ಟರೆ ಬಸ್ಸಿನಲ್ಲಿ, ಅಂಗಡಿಯಲ್ಲಿ, ಪಾರ್ಕಿನಲ್ಲಿ ಇಂಗ್ಲಿಷು. ನಮ್ಮ ಮಗು ಕೆಳಗಿಳಿದರೆ ಸಿಗೋದು ಕನ್ನಡ, ಹಿಂದಿ, ತಮಿಳು, ತೆಲುಗು ಎಲ್ಲ ಕಲಸಿದ ಒಂದು ಭಾಷೆ. ಹಾಗಾಗಿ ‘ಮನೇಲಿ ಕನ್ನಡ ಇರ್ಲಿ, ಇಂಗ್ಲಿಷನ್ನ ಶಾಲೆ ನೋಡ್ಕೊಳ್ಳುತ್ತೆ’ ಅಂತ ಕೈ ತೊಳೆದುಕೊಳ್ಳೋಕೂ ಆಗಲ್ಲ. ಮಗುವಿಗೆ ಇಂಗ್ಲಿಷ್ ಕೇಳಿಸಬೇಕು, ಬೇಕಾದಷ್ಟು ಕೇಳಿಸಬೇಕು. ಅದು ನನ್ನ ಐವತ್ತು ಪದದ ಇಂಗ್ಲಿಷಾಗಿದ್ದರೆ ಪ್ರಯೋಜನ ಇಲ್ಲ ಅನ್ನೋದಷ್ಟೇ ನನ್ನ ಮಾತು. ಮಗು ಅಮ್ಮನ ಬಾಯಿಂದ ಕನ್ನಡದಲ್ಲಿ ಕೇಳಿಸಿಕೊಳ್ಳೋವಷ್ಟು ಗಟ್ಟಿಯಾದ ಇಂಗ್ಲಿಷು ಬೇರೆ ಎಲ್ಲಿಂದಾದರೂ ಬರಬೇಕು.

ಎಲ್ಲಿಂದ? ನಾವು ದುಡ್ಡು ಸುರಿಯೋ ಮೂರು ಜಾಗ ಇದೆ: ಫೋನಿಕ್ಸ್ ಕ್ಲಾಸು, ಸ್ಕ್ರೀನು, ಪುಸ್ತಕ.

ಫೋನಿಕ್ಸನ್ನ ಗೇಲಿ ಮಾಡೋದು ಸುಲಭ, ಆದರೆ ಅದು ಬೇಕು. ಕನ್ನಡದಲ್ಲಿ ಕಾಗುಣಿತ ಬಂದರೆ ಕಂಡಿದ್ದನ್ನ ಓದಬಹುದು. ಇಂಗ್ಲಿಷಿನಲ್ಲಿ ಅಕ್ಷರದ ಹೆಸರೇ ಬೇರೆ, ಅದರ ಸದ್ದೇ ಬೇರೆ. ನಮ್ಮ ಕಾಲದಲ್ಲಿ ‘ಸಿ ಎ ಟಿ ಕ್ಯಾಟ್’ ಅಂತ ಉರು ಹೊಡೆದೆವು. ಸಿ, ಎ, ಟಿ ಮೂರನ್ನೂ ಜೋಡಿಸಿದರೆ ‘ಸಿಏಟಿ’ ಆಗಬೇಕಿತ್ತು, ಕ್ಯಾಟ್ ಎಲ್ಲಿಂದ ಬಂತು ಅಂತ ಯಾರೂ ಹೇಳಲಿಲ್ಲ. ಫೋನಿಕ್ಸ್ ಅಕ್ಷರದ ಸದ್ದು ಕಲಿಸುತ್ತೆ. ಇಲ್ಲಿ ಹೆಚ್ಚು ಶಾಲೆಗಳಲ್ಲಿ ಕಾಣೋ ಜಾಲಿ ಫೋನಿಕ್ಸಿನಲ್ಲಿ ಒಟ್ಟು 42 ಸದ್ದು. ಮೊದಲ ಗುಂಪಿನ ಆರು ಸದ್ದು ಕಲಿತರೇ ಪಿನ್, ಟಿನ್, ಪ್ಯಾಟ್ ಅಂತ ಹತ್ತಾರು ಪದ ಓದಬಹುದು.

ತೊಂದರೆ ಆಗೋದು ನಾವು ಮನೆಯಲ್ಲಿ ಅದನ್ನ ಹೇಳಿಕೊಡುವಾಗ. ಬಿ ಅಕ್ಷರದ ಸದ್ದು ‘ಬ’, ಟಿ ಸದ್ದು ‘ಟ’ ಅಂತೀವಿ. ಮಗು ನಿಷ್ಠೆಯಿಂದ ಜೋಡಿಸಿ ‘ಬ-ಆ್ಯ-ಟ’ ಅಂತ ಓದುತ್ತೆ. ಬ್ಯಾಟ್ ಆಗೋದೇ ಇಲ್ಲ. ನಾವು ಕಣ್ಣು ಕೆಂಪಗೆ ಮಾಡ್ತೀವಿ. ತಪ್ಪು ಮಗುವಿನದಲ್ಲ, ‘ಬ’ದೊಳಗೆ ಅಡಗಿ ಕೂತಿರೋ ‘ಅ’ಕಾರದ್ದು. ಇದಕ್ಕೆ ಉತ್ತರ ನಮ್ಮ ಹತ್ತಿರವೇ ಇದೆ. ಬ್ + ಅ = ಬ ಅಂತ ಒಂದನೇ ಕ್ಲಾಸಿನ ಕನ್ನಡ ಮೇಷ್ಟ್ರು ಬೋರ್ಡಿನ ಮೇಲೆ ಬರೆದಿದ್ದು ನೆನಪಿದೆಯಾ? ಆ ಅರ್ಧಾಕ್ಷರ ‘ಬ್’ ಇದೆಯಲ್ಲ, ಫೋನಿಕ್ಸಿನವರು ಕೇಳ್ತಿರೋದು ಅದನ್ನೇ. ಬ್, ಆ್ಯ, ಟ್. ನನ್ನ ಮಗಳಿಗೆ ಒಂದು ಭಾನುವಾರ ಕನ್ನಡದ ಅರ್ಧಾಕ್ಷರ ತೋರಿಸಿದ ಮೇಲೆ ಎರಡೇ ದಿನದಲ್ಲಿ ಮೂರಕ್ಷರದ ಪದಗಳ ಗಂಟು ಬಿಚ್ಚಿಕೊಳ್ತು. ಮೂರು ತಿಂಗಳು ಫೀಸು ಕಟ್ಟಿದ ಕ್ಲಾಸಿನಲ್ಲಿ ಬಿಚ್ಚಿಕೊಳ್ಳದ ಗಂಟು ಅದು. ಕನ್ನಡ ಅಡ್ಡ ಬರುತ್ತೆ ಅಂತ ಅಟ್ಟದ ಮೇಲೆ ಎತ್ತಿಟ್ಟ ಸಾಮಾನಿನಲ್ಲೇ ಬೇಕಾದ ಸ್ಪ್ಯಾನರ್ ಇತ್ತು.

ಆದರೆ ಫೋನಿಕ್ಸ್ ಗಫ್ ಮತ್ತು ಟನ್ಮರ್ ಸೂತ್ರದ ಅರ್ಧ ಭಾಗ ಮಾತ್ರ. ಅಕ್ಷರ ಬಿಡಿಸೋದು ಅಷ್ಟೇ. ಇನ್ನರ್ಧಕ್ಕೆ ಕಥೆ ಬೇಕು, ಮಾತು ಬೇಕು.

ಸ್ಕ್ರೀನಿನ ಬಗ್ಗೆ ಪೂರ್ತಿ ಕೆಟ್ಟ ಮಾತು ಆಡಲಾರೆ. 2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ‘ಪೆಪ್ಪಾ ಪಿಗ್’ ನೋಡಿ. ಐದು ನಿಮಿಷದ ಕಂತು, ಪುಟ್ಟ ವಾಕ್ಯಗಳು, ಈಗ ಏನು ನಡೀತಿದೆ ಅಂತ ನಡುನಡುವೆ ಹೇಳೋ ನಿರೂಪಕ. ಭಾಷೆ ಕಲಿಯೋ ಕಿವಿಗೆ ಇದು ಒಳ್ಳೆಯ ಏರ್ಪಾಟು. ಕಣ್ಣಿಗೆ ಕಂಡಿದ್ದೇ ಮಾತಿನಲ್ಲೂ ಬರುತ್ತೆ, ಅದೇ ಮಾತು ಮತ್ತೆಮತ್ತೆ ಬರುತ್ತೆ. ಕೊರತೆ ಒಂದೇ, ಪೆಪ್ಪಾ ನಮ್ಮ ಮಗುವಿನ ಮಾತು ಕೇಳಿಸಿಕೊಳ್ಳಲ್ಲ. ಪಕ್ಕದಲ್ಲಿ ಕೂತು ‘ಅವಳಿಗ್ಯಾಕೆ ಸಿಟ್ಟು ಬಂತು?’ ಅಂತ ಕೇಳೋರು ಬೇಕು. ನಾವು ಸ್ಕ್ರೀನ್ ಹಚ್ಚೋದೇ ಪಕ್ಕದಲ್ಲಿ ಕೂರೋ ಕೆಲಸ ತಪ್ಪಲಿ ಅಂತ.

ಇನ್ನು ಪುಸ್ತಕ. ನಮ್ಮ ಮನೆಗೆ ಮೊದಲು ಬಂದದ್ದು ಡಾಕ್ಟರ್ ಸ್ಯೂಸ್‌ ಅವರ ‘ಗ್ರೀನ್ ಎಗ್ಸ್ ಆ್ಯಂಡ್ ಹ್ಯಾಮ್’. 1960ರ ಪುಸ್ತಕ. ಐವತ್ತೇ ಪದದಲ್ಲಿ ಒಂದು ಪುಸ್ತಕ ಬರೆಯೋಕಾಗಲ್ಲ ಅಂತ ಪ್ರಕಾಶಕ ಬೆನೆಟ್ ಸರ್ಫ್ ಕಟ್ಟಿದ ಪಂದ್ಯಕ್ಕೆ ಸ್ಯೂಸ್ ಬರೆದುಕೊಟ್ಟಿದ್ದು. ಇಡೀ ಪುಸ್ತಕದಲ್ಲಿ ಇರೋದು ಸರಿಯಾಗಿ 50 ಬೇರೆಬೇರೆ ಪದ, ಒಂದನ್ನ ಬಿಟ್ಟರೆ ಎಲ್ಲವೂ ಒಂದೇ ಉಸಿರಿನ ಪುಟ್ಟ ಪದಗಳು. ಒಬ್ಬ ತಿನ್ನು ಅಂತಾನೆ, ಇನ್ನೊಬ್ಬ ತಿನ್ನಲ್ಲ ಅಂತಾನೆ. ಅಷ್ಟೇ ಕಥೆ.

ಇದನ್ನ ಮೊದಲ ಸಲ ಓದಿ ಹೇಳಿದ ರಾತ್ರಿ ನನಗೆ ಫೋನಿನಲ್ಲಿ ಬರೆದುಕೊಂಡಿದ್ದ ಪಟ್ಟಿ ನೆನಪಾಯ್ತು. ನಮ್ಮ ಊಟದ ಟೇಬಲ್ಲಿನ ಇಂಗ್ಲಿಷೂ ಸುಮಾರು ಐವತ್ತೇ ಪದ. ಅಲ್ಲೂ ನಡೆಯೋದು ತಿನ್ನು, ತಿನ್ನಲ್ಲ ಅನ್ನೋ ಜಗಳವೇ. ವ್ಯತ್ಯಾಸ ಏನಪ್ಪ ಅಂದರೆ, ಪುಸ್ತಕದಲ್ಲಿ ತಿನ್ನಲ್ಲ ಅನ್ನೋನಿಗೂ ಮಾತಿದೆ. ಅವನು ಪುಟಗಟ್ಟಲೆ ಬೇಡ ಅಂತಾನೆ, ಎಲ್ಲೆಲ್ಲಿ ಬೇಡ, ಯಾರ ಜೊತೆ ಬೇಡ ಅಂತ ಪಟ್ಟಿ ಕೊಡ್ತಾನೆ. ನಮ್ಮ ಟೇಬಲ್ಲಿನಲ್ಲಿ ಐವತ್ತೂ ಪದ ಅಪ್ಪ ಅಮ್ಮಂದೇ. ಮಗುವಿಗೆ ಉಳಿದದ್ದು ‘ಓಕೆ’. ಪದದ ಸಂಖ್ಯೆ ಕಡಿಮೆ ಇದ್ದದ್ದು ನಮ್ಮ ನಿಜವಾದ ತೊಂದರೆ ಆಗಿರಲಿಲ್ಲ. ಮಗುವಿಗೆ ವಾದ ಮಾಡೋಕೆ ಜಾಗ ಇಲ್ಲದ್ದು ತೊಂದರೆ.

ಆಮೇಲೆ ಎರಿಕ್ ಕಾರ್ಲ್ ಅವರ ‘ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್’ ತಂದೆ, 1969ರದ್ದು. ವಾರದ ದಿನ, ಎಣಿಕೆ, ಹಣ್ಣು ಎಲ್ಲ ಒಂದೇ ಕಥೆಯಲ್ಲಿ. ಶನಿವಾರ ಬಂದ ಕೂಡಲೇ ಮಾತ್ರ ನಮ್ಮ ಬಂಡಿ ನಿಲ್ತು. ಸಲಾಮಿ, ಸ್ವಿಸ್ ಚೀಸ್, ಚೆರ್ರಿ ಪೈ. ಪಿಕಲ್ ಗೊತ್ತು ಅಂತ ಮಗಳು ಕುಣಿದಳು, ನೋಡಿದರೆ ಚಿತ್ರದಲ್ಲಿ ಹಸಿರು ಸೌತೆಕಾಯಿ. ‘ಇದು ಉಪ್ಪಿನಕಾಯಿ ಅಲ್ಲ ಅಪ್ಪ, ಇದ್ರಲ್ಲಿ ಖಾರ ಎಲ್ಲಿದೆ?’ ಇಂಥ ಪುಸ್ತಕಗಳು ನಮ್ಮ ಮಕ್ಕಳಿಗೆ ಪರಕೀಯ ಅಂತ ದೂರೋರಿದ್ದಾರೆ. ಅರ್ಧ ನಿಜ. ಆದರೆ ಆ ಅಪರಿಚಿತ ಪದಾರ್ಥಗಳ ಮೇಲೆ ನಾವು ಕನ್ನಡದಲ್ಲಿ ಅರ್ಧ ಗಂಟೆ ಮಾತಾಡಿದೆವು. ಮಾರನೇ ದಿನ ಅದೇ ಪುಸ್ತಕವನ್ನ ಅವಳೇ ಇಂಗ್ಲಿಷಲ್ಲಿ ಓದುವಾಗ ಪ್ರತಿ ಪದದ ಹಿಂದೆ ಆ ಮಾತುಕತೆ ಇತ್ತು.

ಪರಕೀಯ ಬೇಡ ಅನ್ನೋರಿಗೂ ದಾರಿ ಇದೆ. ನಮ್ಮ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಸಾವಿರಾರು ಚಿತ್ರಕಥೆಗಳು ಪುಕ್ಕಟೆ ಸಿಗುತ್ತೆ. ಎಷ್ಟೋ ಕಥೆ ಕನ್ನಡದಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ. ಚೆನ್ನೈನ ತೂಲಿಕಾ ಪ್ರಕಾಶನ ಒಂದೇ ಪುಟದಲ್ಲಿ ಎರಡು ಭಾಷೆ ಇರೋ ಪುಸ್ತಕಗಳನ್ನ ತಂದಿದೆ, ಕನ್ನಡ-ಇಂಗ್ಲಿಷ್ ಜೋಡಿಯೂ ಉಂಟು. ಎರಡು ಭಾಷೆಯ ಪುಸ್ತಕ ಕೊಳ್ಳುವಾಗ ಒಂದು ಮಾತು ನೆನಪಿಡಿ. ಕನ್ನಡದ ಭಾಗವನ್ನ ಅಂಗಡಿಯಲ್ಲೇ ಗಟ್ಟಿಯಾಗಿ ಓದಿ ನೋಡಿ. ಯಾವ ಅಜ್ಜಿಯೂ ಆಡದ ಕನ್ನಡ ಅದರಲ್ಲಿದ್ದರೆ ವಾಪಸ್ ಇಡಿ. ಇಂಗ್ಲಿಷಿಗೆ ಏಣಿ ಆಗಬೇಕಾದ ಕನ್ನಡವೇ ಹತ್ತಲಾರದ ಗೋಡೆ ಆಗಬಾರದು.

ಓದಿ ಹೇಳೋದು ಹೇಗೆ ಅನ್ನೋದರ ಬಗ್ಗೆಯೂ ಕೆಲಸ ನಡೆದಿದೆ. ಅಮೆರಿಕದಲ್ಲಿ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮ್ಮನೆ ಓದಿ ಹೇಳೋ ಬದಲು ಮಗುವಿಗೆ ಪ್ರಶ್ನೆ ಕೇಳಿ, ಅದರ ಉತ್ತರವನ್ನ ಬೆಳೆಸ್ತಾ ಓದೋಕೆ ತಂದೆ ತಾಯಿಗೆ ಹೇಳಿಕೊಟ್ಟಿದ್ದರು. ಒಂದು ತಿಂಗಳಲ್ಲೇ ಆ ಮಕ್ಕಳ ಮಾತು ಮುಂದೆ ಹೋಗಿತ್ತು. ಅವರು ನಮ್ಮ ಮಕ್ಕಳಿಗಿಂತ ಚಿಕ್ಕವರು, ಎರಡು ಮೂರು ವರ್ಷದವರು, ಮತ್ತು ಮನೆಭಾಷೆಯಲ್ಲೇ ಓದಿಸಿಕೊಂಡವರು. ಹಾಗಾಗಿ ಅದನ್ನ ಇದ್ದ ಹಾಗೇ ನಮ್ಮ ಮನೆಗೆ ತಂದು ಅಂಟಿಸೋಕೆ ಆಗಲ್ಲ. ಆದರೂ ಅದರ ತಿರುಳು ನಮಗೂ ಒಪ್ಪುತ್ತೆ: ಪುಸ್ತಕ ಹಿಡಿದ ದೊಡ್ಡವರು ಕಡಿಮೆ ಮಾತಾಡಬೇಕು, ಮಗು ಜಾಸ್ತಿ ಮಾತಾಡಬೇಕು. ಯಾವ ಭಾಷೆಯಲ್ಲಿ ಅನ್ನೋದು ಆಮೇಲಿನ ಮಾತು.

ಈ ಸಲಹೆಯ ಬಗ್ಗೆ ನನಗಿರೋ ದೊಡ್ಡ ತಕರಾರು ಇನ್ನೂ ಹೇಳಿಲ್ಲ. ನಮ್ಮ ಮನೆಗೆಲಸಕ್ಕೆ ಬರೋ ಅಮ್ಮ ಯಾದಗಿರಿ ಕಡೆಯವರು. ಅವರ ಮಗ ಮೂರನೇ ಕ್ಲಾಸು, ಓಣಿಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆ. ದುಡಿಮೆಯ ಎಷ್ಟು ಪಾಲು ಆ ಫೀಸಿಗೆ ಹೋಗುತ್ತೆ ಅಂತ ನನಗೆ ಗೊತ್ತು. ಹುಡುಗ ಇಂಗ್ಲಿಷಲ್ಲಿ ಹಿಂದೆ ಬಿದ್ದಿದ್ದಾನೆ, ಏನು ಮಾಡೋದು ಅಂತ ಅವರು ಕೇಳಿದಾಗ ನಾನು, ನನ್ನ ಕಾನೂನಿನ ಉತ್ಸಾಹದ ದಿನಗಳಲ್ಲಿ, ಅದೇ ಮಾತು ಹೇಳಿದ್ದೆ: ಮನೇಲಿ ಇಂಗ್ಲಿಷಲ್ಲಿ ಮಾತಾಡ್ಸಿ. ಅವರು ಒರೆಸ್ತಿದ್ದ ಬಟ್ಟೆ ಹಿಡಿದುಕೊಂಡೇ ನನ್ನ ಮುಖ ನೋಡಿದರು. ‘ನನಗ ಬರಂಗಿಲ್ರೀ ಸರ, ನಾ ಹ್ಯಾಂಗ ಮಾತಾಡ್ಲಿ?’

ಸಿಟ್ಟಲ್ಲಿ ಕೇಳಿದ್ದಲ್ಲ. ನಿಜವಾಗಲೂ ದಾರಿ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಂಗ್ಲಿಷ್ ಇರೋ ಮನೆಯವರಿಗೆ ಮಾತ್ರ ಪಾಲಿಸೋಕಾಗೋ ಸಲಹೆ ಅದು. ಇಲ್ಲದ ಮನೆಯ ತಾಯಿಗೆ ಅದು ಹೇಳೋದು ಒಂದೇ: ನಿನ್ನ ಮಗುವಿಗೆ ನಿನ್ನಿಂದ ಏನೂ ಆಗಲ್ಲ.

ಮಾಧ್ಯಮದ ಜಗಳ ಕರ್ನಾಟಕಕ್ಕೆ ಹೊಸದೇನಲ್ಲ. ಒಂದರಿಂದ ನಾಲ್ಕರವರೆಗೆ ಮಾತೃಭಾಷೆ ಇಲ್ಲವೇ ಕನ್ನಡವೇ ಮಾಧ್ಯಮ ಅಂತ ಸರ್ಕಾರ 1994ರಲ್ಲಿ ಆದೇಶ ಹೊರಡಿಸಿತು. ಇಪ್ಪತ್ತು ವರ್ಷದ ಕೋರ್ಟು ಕಚೇರಿ ಆದಮೇಲೆ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾತೃಭಾಷಾ ಮಾಧ್ಯಮವನ್ನ ಸರ್ಕಾರ ಹೇರುವಂತಿಲ್ಲ, ಆಯ್ಕೆ ಮಗುವಿನ ಪರವಾಗಿ ಪೋಷಕರದ್ದು ಅಂದಿತು. ಆ ತೀರ್ಪಿನ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರ್ಲಿ, ಆಯ್ಕೆ ಈಗ ನಮ್ಮ ಕೈಗೆ ಬಂದಿದೆ. ಶಾಲೆಯ ಮಾಧ್ಯಮ ಆರಿಸೋ ಹಕ್ಕನ್ನ ನಾವು ಮನೆಯ ಮಾಧ್ಯಮ ಬದಲಾಯಿಸೋ ಕರ್ತವ್ಯ ಅಂತ ಓದಿಕೊಂಡಿದ್ದೀವಿ. ಕೋರ್ಟು ಹಾಗೆಲ್ಲೂ ಹೇಳಿಲ್ಲ.

ಹಾಗಾದ್ರೆ ಏನು ಮಾಡೋದು ಅಂತ ಕೇಳ್ತೀರಿ. ನಾನು ಶಿಕ್ಷಣತಜ್ಞನಲ್ಲ. ನಮ್ಮ ಮನೆಯಲ್ಲಿ ಈಗ ಏನು ನಡೀತಿದೆ ಅಂತ ಮಾತ್ರ ಹೇಳಬಲ್ಲೆ. ಕಾನೂನು ರದ್ದಾಗಿದೆ. ಊಟದ ಹೊತ್ತಿನ ಭಾಷೆ ಕನ್ನಡ. ರಾತ್ರಿ ಇಪ್ಪತ್ತು ನಿಮಿಷ ಇಂಗ್ಲಿಷ್ ಪುಸ್ತಕ, ಲ್ಯಾಪ್‌ಟಾಪ್ ಮುಚ್ಚಿಟ್ಟು. ಹೊಸ ಪುಸ್ತಕವಾದರೆ ಮೊದಲು ಚಿತ್ರ ನೋಡ್ತಾ ಕನ್ನಡದಲ್ಲಿ ಹರಟೆ, ಆಮೇಲೆ ನಾನು ಓದಿ ಹೇಳೋದು, ಎರಡು ಮೂರು ದಿನ ಆದಮೇಲೆ ಅವಳು ಓದೋದು. ಒಂದೇ ಪುಸ್ತಕವನ್ನ ಹತ್ತು ಸಲ ಕೇಳಿದರೂ ಬೇಸರ ತೋರಿಸಲ್ಲ, ಯಾಕಂದ್ರೆ ಹತ್ತನೇ ಸಲ ಓದುವಾಗಲೇ ಪದಗಳು ಬಾಯಿಗೆ ಹತ್ತೋದು. ‘ಐ ಗೋಡ್ ಟು ದಿ ಪಾರ್ಕ್’ ಅಂದರೆ ನಡುವೆ ನಿಲ್ಲಿಸಿ ತಿದ್ದಲ್ಲ. ‘ಓ, ಯು ವೆಂಟ್ ಟು ದಿ ಪಾರ್ಕ್?’ ಅಂತ ಕೇಳಿ ಮುಂದೆ ಹೋಗ್ತೀನಿ. ‘ಗೋಡ್’ ಅನ್ನೋ ಪದವನ್ನ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಳೆದು ಹೋದದ್ದನ್ನ ಹೇಳೋಕೆ ಕೊನೆಗೆ ‘ಡ್’ ಸೇರಿಸಬೇಕು ಅನ್ನೋ ನಿಯಮವನ್ನ ತಾನೇ ಕಂಡುಹಿಡಿದು ಬಳಸಿದ್ದಾಳೆ. ಅದನ್ನ ತಪ್ಪು ಅಂತ ಕೆಂಪು ಇಂಕಿನಲ್ಲಿ ಸುತ್ತು ಹಾಕೋಕೆ ಮನಸ್ಸು ಬರಲ್ಲ.

ಮತ್ತೆ ಅಜ್ಜಿ. ಇಂಗ್ಲಿಷ್ ಬಾರದ ಅಜ್ಜಿಯೇ ಈ ಏರ್ಪಾಟಿನಲ್ಲಿ ಎಲ್ಲರಿಗಿಂತ ಒಳ್ಳೆ ಎಕ್ಸಾಮಿನರ್. ಓದಿದ ಕಥೆಯನ್ನ ಮಗಳು ಅಜ್ಜಿಗೆ ಕನ್ನಡದಲ್ಲಿ ಹೇಳಬೇಕು. ಅರ್ಥವಾಗದ್ದನ್ನ ನನ್ನ ಹತ್ತಿರ ಓದಿ ದಾಟಿಸಬಹುದು, ಅಜ್ಜಿಯ ಹತ್ತಿರ ಆಗಲ್ಲ. ಅವರು ಪ್ರತಿ ಹೆಜ್ಜೆಗೂ ‘ಯಾಕೆ’ ಅಂತಾರೆ. ಉತ್ತರ ಗೊತ್ತಿಲ್ಲದಿದ್ದರೆ ಮಗಳು ಪುಸ್ತಕಕ್ಕೆ ವಾಪಸ್ ಹೋಗ್ತಾಳೆ.

ಯಾದಗಿರಿಯ ಆ ಅಮ್ಮನಿಗೂ ಆಮೇಲೆ ಇದನ್ನೇ ಹೇಳಿದೆ, ಮೊದಲು ಹೇಳಿದ್ದು ತಪ್ಪು ಅಂತಲೂ ಹೇಳಿದೆ. ಮಗ ಓದಿದ ಪಾಠದ ಕಥೆ ನಿಮಗೆ ನಿಮ್ಮ ಮಾತಲ್ಲಿ ಹೇಳಲಿ, ನೀವು ಕೇಳ್ತಾ ಹೋಗಿ, ಅರ್ಥ ಆಗದಿದ್ರೆ ಬಿಡಬೇಡಿ. ‘ಅಷ್ಟ ಆದ್ರ ಮಾಡ್ತೀನ್ರೀ’ ಅಂದರು. ಹುಡುಗ ಈಗ ಕ್ಲಾಸಿಗೆ ಮೊದಲು ಅಂತ ಬರೆಯೋಕೆ ನನಗೂ ಆಸೆ. ಹಾಗೇನೂ ಆಗಿಲ್ಲ. ವಾರಕ್ಕೆರಡು ಸಲ ಅವನು ಹೇಳಿದ ಕಥೆಯನ್ನ ಅವರು ಪಾತ್ರೆ ತೊಳೀತಾ ನಮಗೆ ಹೇಳ್ತಾರೆ, ಅಷ್ಟು ಮಾತ್ರ ಆಗಿದೆ. ನನ್ನ ಮಗಳ ರಿಪೋರ್ಟ್ ಕಾರ್ಡಿನಲ್ಲೂ ಇಂಗ್ಲಿಷ್ ಎದುರು ‘ಕ್ಯಾನ್ ಡೂ ಬೆಟರ್’ ಅಂತಲೇ ಇದೆ. ಐದರಿಂದ ಏಳು ವರ್ಷ ಅಂತ ಓದಿದವನು ಎರಡು ಯೂನಿಟ್ ಟೆಸ್ಟಿಗೆ ಗಾಬರಿ ಆಗಬಾರದು ಅಂತ ನನಗೆ ನಾನೇ ಹೇಳಿಕೊಳ್ತೀನಿ, ಕೆಲವು ದಿನ ನಂಬ್ತೀನಿ ಕೂಡ.

ಹೋದ ವಾರ ಊಟಕ್ಕೆ ಕೂತಾಗ ಹಸಿರು ಮೊಟ್ಟೆಯ ಕಥೆ ಅಜ್ಜಿಗೆ ಒಪ್ಪಿಸೋ ಸರದಿ. ‘ಹ್ಯಾಮ್ ಅಂದ್ರೆ ಏನೇ ಪುಟ್ಟಿ?’ ಅಂತ ಅಮ್ಮ ಕೇಳಿದರು. ‘ಹಂದಿ ಮಾಂಸ ಅಜ್ಜಿ.’ ಹುಟ್ಟಿದಾಗಿಂದ ಮೊಟ್ಟೆ ಮುಟ್ಟದ ಅಮ್ಮ ಅನ್ನದ ತುತ್ತು ಕೈಯಲ್ಲೇ ಹಿಡಿದುಕೊಂಡರು. ‘ಮತ್ತೆ ಅವ್ನು ಬೇಡ ಅಂದಿದ್ದೇ ಸರಿ ಬಿಡು.’

‘ಇಲ್ಲ ಅಜ್ಜಿ, ಕೊನೆಗೆ ತಿಂತಾನೆ! ತಿಂದು ಚೆನ್ನಾಗಿದೆ ಅಂತಾನೆ!’

‘ಅಷ್ಟೊತ್ತು ಬೇಡ ಅಂದೋನು ಯಾಕೆ ತಿಂದ?’

ಮಗಳು ಯೋಚನೆ ಮಾಡಿದಳು. ಊಟ ಬಿಟ್ಟು ಎದ್ದು ಹೋಗಿ ಪುಸ್ತಕ ತಂದಳು. ಸಾರಿನ ಕೈಯಲ್ಲೇ ಹಾಳೆ ತಿರುವಿ, ಆ ಜಾಗ ಹುಡುಕಿ, ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಅಜ್ಜಿಯ ಜೊತೆ ವಾದಕ್ಕೆ ಕೂತಳು. ಸಾರು ಆರಿ ತಣ್ಣಗಾಯ್ತು. ಫಿನಿಶ್ ಫಾಸ್ಟ್ ಅಂತ ಯಾರೂ ಅನ್ನಲಿಲ್ಲ.